ನೋಟು ಮೈಸೂರಿನಲ್ಲೇ ಅಚ್ಚಾಗುತ್ತದೆ, ಮತ್ತೆ ಸರ್ಕಾರಕ್ಕೆ ಸಾಲ ಯಾಕೆ?

ಪ್ರಶ್ನೆ: ಸರ್, ನಮ್ಮದು ಮಂಡ್ಯ ಜಿಲ್ಲೆಯ ಹಳ್ಳಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗ. ಡಿಗ್ರಿ ಮುಗಿಸಿ ಅಪ್ಪನ ಜೊತೆ ವ್ಯವಸಾಯ ಮಾಡುತ್ತಿದ್ದೇನೆ. ನಮ್ಮ ಉಪನಾಲೆ ರಿಪೇರಿ ಮಂಜೂರಾಗಿದೆ ಅಂತ ಬಹಳ ದಿನದಿಂದ ಹೇಳುತ್ತಿದ್ದಾರೆ. ಕೆಲಸ ಯಾವಾಗ ಅಂತ ಕೇಳಿದರೆ ದುಡ್ಡಿಲ್ಲ ಅಂತಾರೆ. ನೋಟು ಅಚ್ಚು ಹಾಕುವ ಪ್ರೆಸ್ ಪಕ್ಕದ ಮೈಸೂರಲ್ಲೇ ಇದೆಯಲ್ಲ, ಬೇಕಾದಷ್ಟು ಅಚ್ಚು ಹಾಕಿಕೊಂಡರೆ ಆಗಲ್ವಾ? ಸಾಲ ಯಾಕೆ ಮಾಡಬೇಕು? ಇನ್ನೊಂದು, ಕರ್ನಾಟಕದಲ್ಲಿ ಹುಟ್ಟುವ ಪ್ರತಿ ಮಗುವಿನ ತಲೆ ಮೇಲೆ ಒಂದು ಲಕ್ಷ ರೂಪಾಯಿ ಸಾಲ ಇದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಿದೆ. ನಿಜವಾ? ನಾವೂ ಶ್ರೀಲಂಕಾ ಥರ ಆಗುತ್ತೇವಾ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು ಕೇಳಿ ನಗುವವರು ಇರುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಮೈಸೂರಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದಷ್ಟು ಕಾಲ ಎಂ.ಎ. ಹುಡುಗರೂ ಇದನ್ನೇ ಸುತ್ತಿ ಬಳಸಿ ಕೇಳುತ್ತಿದ್ದರು. ನೀವು ನೇರವಾಗಿ ಕೇಳಿದ್ದೀರಿ, ಅಷ್ಟೇ.

ಮೊದಲು ಪ್ರೆಸ್ ವಿಷಯ. ಮೈಸೂರಿನ ಮೇಟಗಳ್ಳಿ ಕಡೆ ಇರುವುದು ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಎಂಬ ಕಂಪನಿಯ ಪ್ರೆಸ್. 1995ರಲ್ಲಿ ಶುರುವಾದ ಕಂಪನಿ, ಪೂರ್ತಿ ರಿಸರ್ವ್ ಬ್ಯಾಂಕಿನದು. ಅದರ ಇನ್ನೊಂದು ಪ್ರೆಸ್ ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿದೆ. ನಾಸಿಕ್ ಮತ್ತು ದೇವಾಸ್‌ನ ಪ್ರೆಸ್‌ಗಳು ಕೇಂದ್ರ ಸರ್ಕಾರದ ಬೇರೊಂದು ಕಂಪನಿಯವು. ಮೈಸೂರಿನಲ್ಲಿ ನೋಟಿನ ಕಾಗದದ ಕಾರ್ಖಾನೆ ಇದೆ, ನೋಟಿನ ಶಾಯಿ ತಯಾರಿಸುವ ಘಟಕವೂ ಇದೆ. 2016ರ ನೋಟು ರದ್ದತಿ ಹೊತ್ತಿನಲ್ಲಿ ಗುಲಾಬಿ ಬಣ್ಣದ 2,000 ರೂಪಾಯಿ ನೋಟು ಅಚ್ಚಾಗಿದ್ದೂ ಇಲ್ಲೇ. ಇಷ್ಟೆಲ್ಲ ಇದ್ದರೂ ವಿಧಾನಸೌಧಕ್ಕೂ ಈ ಪ್ರೆಸ್‌ಗೂ ಸಂಬಂಧವೇ ಇಲ್ಲ. ನಿಮ್ಮ ನಾಲೆ ರಾಜ್ಯ ಸರ್ಕಾರದ್ದು. ರಾಜ್ಯ ಸರ್ಕಾರಕ್ಕೆ ಒಂದು ರೂಪಾಯಿ ನೋಟನ್ನೂ ಅಚ್ಚು ಹಾಕಿಸುವ ಅಧಿಕಾರವಿಲ್ಲ. ತೆರಿಗೆ, ಕೇಂದ್ರದ ಪಾಲು, ಸಾಲ, ಇವು ಮೂರೇ ಅದರ ಮುಖ್ಯ ದಾರಿಗಳು.

ಸರಿ, ಕೇಂದ್ರ ಸರ್ಕಾರವಾದರೂ ಅಚ್ಚು ಹಾಕಿಸಿ ಎಲ್ಲ ರಾಜ್ಯಗಳಿಗೂ ಹಂಚಬಹುದಲ್ಲ ಅಂತ ನೀವು ಕೇಳಬಹುದು. ಅದೂ ಬಹಳ ಕಾಲ ನಡೆದಿದೆ. 1955ರಿಂದ 1997ರವರೆಗೆ ದೆಹಲಿಯ ಖಜಾನೆಯಲ್ಲಿ ದುಡ್ಡು ಕಮ್ಮಿಯಾದರೆ ರಿಸರ್ವ್ ಬ್ಯಾಂಕಿಗೆ ಒಂದು ತಾತ್ಕಾಲಿಕ ಹುಂಡಿ ಕೊಡುತ್ತಿದ್ದರು, ಬ್ಯಾಂಕು ಅದರ ಮೇಲೆ ಹೊಸ ದುಡ್ಡು ಕೊಡುತ್ತಿತ್ತು. ಹೆಸರಿಗೆ ತಾತ್ಕಾಲಿಕ, ತೀರುತ್ತಿದ್ದುದು ಅಪರೂಪ. 1997ರ ಏಪ್ರಿಲ್‌ನಿಂದ ಇದನ್ನು ನಿಲ್ಲಿಸಿದರು. ಆಮೇಲೆ ಸರ್ಕಾರದ ಸಾಲ, ಕೊರತೆಗಳಿಗೆ ಮಿತಿ ಹಾಕುವ 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬಂತು. ಸರ್ಕಾರ ಹೊರಡಿಸುವ ಸಾಲಪತ್ರವನ್ನು ರಿಸರ್ವ್ ಬ್ಯಾಂಕ್ ನೇರವಾಗಿ ಕೊಳ್ಳುವುದಕ್ಕೂ ಅದು 2006ರಿಂದ ತಡೆ ಹಾಕಿತು. ಅಂದರೆ ಇದು ನಾವೇ ನಮ್ಮ ಕೈಗೆ ಹಾಕಿಕೊಂಡ ಕಟ್ಟು. ಯಾಕೆ ಹಾಕಿಕೊಂಡೆವು?

ಅರಳಿಕಟ್ಟೆಯಲ್ಲಿ ಸಿಗುವ ಉತ್ತರ, 'ಚಿನ್ನ ಇದ್ದಷ್ಟೇ ನೋಟು ಅಚ್ಚು ಹಾಕಬೇಕು, ಅದಕ್ಕೆ.' ಇದು ತಪ್ಪು. 1957ರಿಂದ ಇರುವ ನಿಯಮದ ಪ್ರಕಾರ ರಿಸರ್ವ್ ಬ್ಯಾಂಕು ಕನಿಷ್ಠ 200 ಕೋಟಿ ರೂಪಾಯಿಯ ಮೀಸಲು ಇಟ್ಟರೆ ಸಾಕು, ಅದರಲ್ಲಿ 115 ಕೋಟಿ ಚಿನ್ನ. ಚಲಾವಣೆಯಲ್ಲಿದ್ದ ನೋಟುಗಳ ಮೊತ್ತ 2025ರ ಮಾರ್ಚ್ ಕೊನೆಗೆ ಸುಮಾರು 37 ಲಕ್ಷ ಕೋಟಿ. 200 ಕೋಟಿ ಎಲ್ಲಿ, 37 ಲಕ್ಷ ಕೋಟಿ ಎಲ್ಲಿ! ಚಿನ್ನ ತಡೆಯುತ್ತಿಲ್ಲ. ಖರ್ಚೂ ತಡೆಯುತ್ತಿಲ್ಲ, ಐನೂರರ ನೋಟು ಅಚ್ಚು ಹಾಕಲು ಮೂರು ರೂಪಾಯಿಯೂ ಬೀಳುವುದಿಲ್ಲ.

ಹಿಂದೆ ಏನು ಒತ್ತೆ ಇಟ್ಟಿದ್ದಾರೆ ಅನ್ನುವುದು ಎಷ್ಟು ಕಮ್ಮಿ ಮುಖ್ಯ ಅನ್ನುವುದಕ್ಕೆ ನಮ್ಮದೇ ಚರಿತ್ರೆಯಲ್ಲಿ ಕಹಿ ಉದಾಹರಣೆ ಇದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಭಾರತದಲ್ಲಿ ಅಕ್ಕಿ, ಬಟ್ಟೆ, ಉಕ್ಕು ಎಲ್ಲ ಕೊಂಡು ಸೈನ್ಯಕ್ಕೆ ಕಳಿಸಿದರು. ದುಡ್ಡನ್ನು ಇಲ್ಲಿ ಕೊಡಲಿಲ್ಲ. ಲಂಡನ್ನಿನಲ್ಲಿ ರಿಸರ್ವ್ ಬ್ಯಾಂಕಿನ ಖಾತೆಗೆ ಪೌಂಡ್ ಲೆಕ್ಕದಲ್ಲಿ ಬರೆದುಕೊಂಡರು. ಆ ಬರಹವನ್ನೇ ಆಧಾರವಾಗಿಟ್ಟು ಇಲ್ಲಿ ರೂಪಾಯಿ ನೋಟು ಅಚ್ಚಾದವು. ಲೆಕ್ಕದ ಪ್ರಕಾರ ಪ್ರತಿ ನೋಟಿಗೂ ಗಟ್ಟಿ ಒತ್ತೆ ಇತ್ತು. ಆರು ವರ್ಷದಲ್ಲಿ ಚಲಾವಣೆಯ ನೋಟು ಐದು ಪಟ್ಟಿಗಿಂತ ಜಾಸ್ತಿ ಆಯಿತು. ಮಾರುಕಟ್ಟೆಯಲ್ಲಿ ಮಾತ್ರ ಅಕ್ಕಿ, ಬಟ್ಟೆ ಜಾಸ್ತಿಯಾಗಲಿಲ್ಲ, ಇದ್ದದ್ದೂ ಯುದ್ಧಕ್ಕೆ ಹೋಯಿತು. ಬೆಲೆಗಳು ಎರಡು ಪಟ್ಟು ದಾಟಿದವು. 1943ರಲ್ಲಿ ಬಂಗಾಳದ ಕೂಲಿಯವರು ಅಕ್ಕಿ ಕೊಳ್ಳಲಾಗದೆ ಲಕ್ಷಗಟ್ಟಲೆ ಸತ್ತರು. ಆ ಬರಕ್ಕೆ ಕಾರಣಗಳು ಹಲವು, ಅದರಲ್ಲಿ ಇದೂ ದೊಡ್ಡದು. ಹೊಸ ನೋಟು ಮೊದಲು ಯಾರ ಕೈಗೆ ಸಿಕ್ಕಿತೋ ಅವರು ಹಳೇ ಬೆಲೆಗೆ ಕೊಂಡರು. ಕೂಲಿ ಏರದವರ ಸರದಿ ಬರುವಷ್ಟರಲ್ಲಿ ಬೆಲೆ ಓಡಿಹೋಗಿತ್ತು. ಕಾನೂನಿಲ್ಲದೆ, ರಸೀದಿಯಿಲ್ಲದೆ ಬಡವರ ಜೇಬಿನಿಂದ ಎತ್ತಿದ ತೆರಿಗೆ ಅದು.

ಈಗ ನಿಮ್ಮ ನಾಲೆಗೆ ಬರೋಣ. ರಿಪೇರಿಗೆ ಬೇಕಾಗಿರುವುದು ನೋಟಲ್ಲ. ಸಿಮೆಂಟು, ಎಂ-ಸ್ಯಾಂಡ್, ಜೆಸಿಬಿ, ಡೀಸೆಲ್, ಗಾರೆ ಕೆಲಸದವರು, ಸರಿಯಾಗಿ ಅಳತೆ ನೋಡುವ ಎಂಜಿನಿಯರ್, ಮತ್ತು ನಾಲೆಗೆ ನೀರು ಬಿಡದ ಕೆಲವೇ ತಿಂಗಳು. ಸರ್ಕಾರ ಹೊಸ ನೋಟು ಅಚ್ಚು ಹಾಕಿಸಿ ರಾಜ್ಯದ ಎಲ್ಲ ನಾಲೆ, ರಸ್ತೆ, ಶಾಲೆ ಕಟ್ಟಡದ ಕೆಲಸ ಒಂದೇ ಬೇಸಿಗೆಯಲ್ಲಿ ಶುರು ಮಾಡಿತು ಅಂತಿಟ್ಟುಕೊಳ್ಳಿ. ಗಾರೆಯವರು ರಾತ್ರೋರಾತ್ರಿ ಎರಡರಷ್ಟಾಗುವುದಿಲ್ಲ. ಇರುವವರನ್ನೇ ಗುತ್ತಿಗೆದಾರರು ಜಾಸ್ತಿ ಕೂಲಿ ಕೊಟ್ಟು ಎಳೆದಾಡುತ್ತಾರೆ. ಗಾರೆಯವರಿಗೆ ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ಸಿಮೆಂಟಿನ ಬೆಲೆ ಏರುತ್ತದೆ, ನಿಮ್ಮ ಚಿಕ್ಕಪ್ಪ ಕಟ್ಟಿಸುತ್ತಿರುವ ಮನೆ ಅರ್ಧಕ್ಕೆ ನಿಲ್ಲುತ್ತದೆ, ನಾಟಿಗೆ ಆಳು ಸಿಗುವುದಿಲ್ಲ. ಕೊನೆಗೆ ಅದೇ ನಾಲೆಗೆ ಮೊದಲಿನ ಅಂದಾಜಿನ ಒಂದೂವರೆ ಪಟ್ಟು ಖರ್ಚು. ಮತ್ತೆ ನೋಟು ಬೇಕು.

ಕೆಲಸವಿಲ್ಲದೆ ಕೈಕಟ್ಟಿ ಕೂತವರಿದ್ದಾಗ, ಕಾರ್ಖಾನೆಯಲ್ಲಿ ಯಂತ್ರ ಸುಮ್ನೆ ನಿಂತಿದ್ದಾಗ ಮಾತ್ರ ಕಥೆ ಬೇರೆ. ಆಗ ಹೊಸ ದುಡ್ಡು ಬೆಲೆ ಏರಿಸುವ ಮೊದಲು ಕೆಲಸ ಹುಟ್ಟಿಸುತ್ತದೆ. ಕೋವಿಡ್ ಹೊತ್ತಿನಲ್ಲಿ ರಿಸರ್ವ್ ಬ್ಯಾಂಕು ಮಾಡಿದ್ದೂ ಒಂದು ಬಗೆಯಲ್ಲಿ ಇದನ್ನೇ. 2021ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಯೋಜನೆಯಡಿ 2.2 ಲಕ್ಷ ಕೋಟಿಯಷ್ಟು ಸರ್ಕಾರಿ ಸಾಲಪತ್ರಗಳನ್ನು ಮಾರುಕಟ್ಟೆಯಿಂದ ಕೊಳ್ಳುವುದಾಗಿ ಹೇಳಿ ಕೊಂಡಿತು. ನೇರ ಕೊಳ್ಳುವಂತಿಲ್ಲ, ಹಾಗಾಗಿ ಬ್ಯಾಂಕುಗಳ ಕೈ ದಾಟಿ ಬಂದದ್ದನ್ನು ಕೊಂಡಿತು. ಇದು ಕಂಪ್ಯೂಟರಿನಲ್ಲಿ ಹುಟ್ಟುವ ದುಡ್ಡು, ಮೇಟಗಳ್ಳಿಯ ಯಂತ್ರ ಒಂದು ಸುತ್ತೂ ಜಾಸ್ತಿ ತಿರುಗಬೇಕಾಗಿಲ್ಲ. ಆದ್ದರಿಂದ 'ನೋಟು ಅಚ್ಚು ಹಾಕುವುದೇ ಪಾಪ' ಅನ್ನುವ ಟಿವಿ ಪಂಡಿತರ ಮಾತನ್ನೂ ಪೂರ್ತಿ ನಂಬಬೇಡಿ. ಯಾವಾಗ, ಎಷ್ಟು ಅನ್ನುವುದೇ ಎಲ್ಲ. ಜಿಂಬಾಬ್ವೆಯಲ್ಲಿ 2000ದಿಂದ ಜಮೀನು ಕಿತ್ತುಕೊಳ್ಳುವ ಗಲಾಟೆಯಲ್ಲಿ ಬೆಳೆ ಬಿದ್ದುಹೋಯಿತು, ರಫ್ತು ಕುಸಿಯಿತು. ಆ ತೂತನ್ನು ನೋಟಿನಿಂದ ಮುಚ್ಚಲು ಹೋದರು. 2009ರ ಜನವರಿಯಲ್ಲಿ ನೂರು ಲಕ್ಷ ಕೋಟಿ ಜಿಂಬಾಬ್ವೆ ಡಾಲರಿನ ಒಂದೇ ನೋಟು ಹೊರಡಿಸುವ ಮಟ್ಟಕ್ಕೆ ಬಂದರು.

ನಮ್ಮಂಥ ದೇಶಗಳಿಗೆ ಇನ್ನೊಂದು ಕಟ್ಟು ಇದೆ, ಅದು ಶ್ರೀಮಂತ ದೇಶಗಳಿಗಿಲ್ಲ. ಜಪಾನಿನ ಸರ್ಕಾರದ ಸಾಲ ಆ ದೇಶದ ವರ್ಷದ ಉತ್ಪನ್ನದ ಎರಡು ಪಟ್ಟಿಗಿಂತ ಜಾಸ್ತಿ. ಆದರೂ ಅಲ್ಲಿ ಯಾರೂ ಪೆಟ್ರೋಲ್ ಬಂಕಿನ ಮುಂದೆ ಸಾಲು ನಿಂತಿಲ್ಲ. ಅವರ ಸಾಲ ಅವರದೇ ಯೆನ್‌ನಲ್ಲಿದೆ, ಅವರದೇ ಜನರ ಉಳಿತಾಯದಿಂದ ಬಂದಿದೆ. ನಮ್ಮ ತೊಂದರೆ ಇರುವುದು ಹೊರದೇಶದಿಂದ ಕೊಳ್ಳಲೇಬೇಕಾದ ವಸ್ತುಗಳಲ್ಲಿ. ನಿಮ್ಮ ಕಬ್ಬಿಗೆ ಹಾಕುವ ಪೊಟ್ಯಾಷ್ ಹೆಚ್ಚೂಕಮ್ಮಿ ಪೂರ್ತಿ ಹೊರದೇಶದಿಂದಲೇ ಬರುತ್ತದೆ. ಟ್ರ್ಯಾಕ್ಟರಿನ ಡೀಸೆಲ್‌ಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಮೀರಿ ಹೊರಗಿನದು. ಇವಕ್ಕೆ ಡಾಲರ್ ಕೊಡಬೇಕು, ಡಾಲರ್ ಮೈಸೂರಿನಲ್ಲಿ ಅಚ್ಚಾಗುವುದಿಲ್ಲ. ರೂಪಾಯಿಯನ್ನು ಸಿಕ್ಕಾಪಟ್ಟೆ ಅಚ್ಚು ಹಾಕಿದರೆ ಡಾಲರಿನ ಮುಂದೆ ಅದರ ಬೆಲೆ ಇಳಿಯುತ್ತದೆ, ಗೊಬ್ಬರದ ಮೂಟೆ ಬೆಲೆ ಏರುತ್ತದೆ, ಇಲ್ಲವೇ ಗೊಬ್ಬರದ ಸಬ್ಸಿಡಿ ಏರುತ್ತದೆ. 1991ರಲ್ಲಿ ನಮ್ಮ ಬಳಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಉಳಿದಿತ್ತು. ರೂಪಾಯಿ ಬೇಕಾದಷ್ಟು ಅಚ್ಚು ಹಾಕಬಹುದಿತ್ತು, ಪ್ರಯೋಜನವಿರಲಿಲ್ಲ. ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಅಡವಿಟ್ಟು ಡಾಲರ್ ತಂದರು.

ಶ್ರೀಲಂಕಾಕ್ಕೆ ಬಿದ್ದ ಪೆಟ್ಟೂ ಇದೇ ಜಾತಿಯದು. 2019ರ ಕೊನೆಗೆ ಹೊಸ ಸರ್ಕಾರ ತೆರಿಗೆಯನ್ನು ಧಾರಾಳವಾಗಿ ಇಳಿಸಿತು, ವ್ಯಾಟ್ 15ರಿಂದ 8 ಪರ್ಸೆಂಟಿಗೆ ಬಂತು. ಬೆನ್ನಲ್ಲೇ ಕೋವಿಡ್ ಬಂದು ಪ್ರವಾಸಿಗಳು ನಿಂತರು, ಡಾಲರ್ ನಿಂತಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿದರು, ಭತ್ತ ಮತ್ತು ಟೀ ಎರಡೂ ಏಟು ತಿಂದವು. ಅಷ್ಟರಲ್ಲಿ ಅಲ್ಲಿನ ಕೇಂದ್ರೀಯ ಬ್ಯಾಂಕು ಸರ್ಕಾರಕ್ಕೆ ನೋಟು ಅಚ್ಚು ಹಾಕಿ ಕೊಡುತ್ತಲೇ ಇತ್ತು. 2022ರ ಏಪ್ರಿಲ್ 12ರಂದು ಹೊರದೇಶದ ಸಾಲ ತೀರಿಸಲಾಗುವುದಿಲ್ಲ ಎಂದು ಕೈಚೆಲ್ಲಿದರು. ಆ ಸೆಪ್ಟೆಂಬರ್‌ನಲ್ಲಿ ಕೊಲಂಬೋದ ಬೆಲೆಗಳು ಹಿಂದಿನ ವರ್ಷಕ್ಕಿಂತ ಸುಮಾರು 70 ಪರ್ಸೆಂಟ್ ಮೇಲಿದ್ದವು. ಮರುವರ್ಷ ಅವರೂ ಕಾನೂನು ಮಾಡಿ, ಕೇಂದ್ರೀಯ ಬ್ಯಾಂಕು ಸರ್ಕಾರಕ್ಕೆ ನೇರ ಸಾಲ ಕೊಡುವುದನ್ನು ನಿಲ್ಲಿಸಿದರು.

ಕರ್ನಾಟಕ ಹೀಗೆ ಆಗುತ್ತದಾ? ಆಗುವುದಿಲ್ಲ. ರಾಜ್ಯದ ಸಾಲ ಹೆಚ್ಚೂಕಮ್ಮಿ ಎಲ್ಲವೂ ರೂಪಾಯಿಯಲ್ಲಿದೆ. ಹೊರಗಿನ ಬ್ಯಾಂಕುಗಳ ಯೋಜನಾ ಸಾಲವೂ ಕೇಂದ್ರದ ಮೂಲಕವೇ ಬರುತ್ತದೆ. ಹಾಗಂತ ರಾಜ್ಯಕ್ಕೆ ಏನೂ ಆಗುವುದಿಲ್ಲ ಅಂತಲ್ಲ. ರಾಜ್ಯಗಳು ದಿವಾಳಿ ಎಂದು ಬೋರ್ಡು ಹಾಕುವುದಿಲ್ಲ, ನಿಧಾನವಾಗುತ್ತವೆ. ಗುತ್ತಿಗೆದಾರರ ಬಿಲ್ಲು ಬಾಕಿ ಬೀಳುತ್ತದೆ, ಖಾಲಿ ಹುದ್ದೆ ತುಂಬುವುದಿಲ್ಲ, ಶಾಲೆಗೆ ಅತಿಥಿ ಶಿಕ್ಷಕರೇ ಗತಿ. 2024ರ ಸೆಪ್ಟೆಂಬರ್‌ನಲ್ಲಿ ಹಿಮಾಚಲ ಪ್ರದೇಶ ನೌಕರರ ಸಂಬಳವನ್ನು 5ನೇ ತಾರೀಖಿಗೆ, ಪಿಂಚಣಿಯನ್ನು 10ಕ್ಕೆ ದೂಡಿತು.

ಮಗುವಿನ ತಲೆ ಮೇಲಿನ ಲಕ್ಷಕ್ಕೆ ಬರೋಣ. ಭಾಗಾಕಾರ ಸರಿಯಾಗಿದೆ. 2025-26ರ ರಾಜ್ಯ ಬಜೆಟ್ಟಿನ ಅಂದಾಜಿನಂತೆ ವರ್ಷದ ಕೊನೆಗೆ ರಾಜ್ಯದ ಒಟ್ಟು ಸಾಲ 7.64 ಲಕ್ಷ ಕೋಟಿ. ಏಳು ಕೋಟಿಗೆ ಹತ್ತಿರದ ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಒಂದು ಲಕ್ಷ ದಾಟುತ್ತದೆ. ಸಂದೇಶ ಬರೆದವರು ಕೇಂದ್ರದ ಸಾಲ ಸೇರಿಸುವುದನ್ನು ಮರೆತಿದ್ದಾರೆ, ಅದು ದೇಶದ ಜಿಡಿಪಿಯ, ಅಂದರೆ ವರ್ಷದ ಒಟ್ಟು ಉತ್ಪನ್ನದ, ಅರ್ಧಕ್ಕಿಂತ ಜಾಸ್ತಿ. ಸೇರಿಸಿದ್ದರೆ ಇನ್ನೂ ಚೆನ್ನಾಗಿ ಹೆದರಿಸಬಹುದಿತ್ತು! ಆದರೆ ಸಾಲವನ್ನು ಆದಾಯದ ಪಕ್ಕದಲ್ಲಿಟ್ಟು ನೋಡಬೇಕು. ರಾಜ್ಯದ ತಲಾ ಆದಾಯ ವರ್ಷಕ್ಕೆ ಮೂರೂವರೆ ಲಕ್ಷಕ್ಕಿಂತ ಜಾಸ್ತಿ ಇದೆ. ಬೆಂಗಳೂರು ಸೇರಿರುವುದರಿಂದ ಆ ಅಂಕಿ ದಪ್ಪ, ನಿಮ್ಮ ಹಳ್ಳಿಯಲ್ಲಿ ಅಷ್ಟಿರಲಾರದು ಅನ್ನುವುದು ಬೇರೆ ಮಾತು.

ಇನ್ನೂ ಮುಖ್ಯವಾದದ್ದು, ಈ ಸಾಲ ಕೊಟ್ಟವರು ಯಾರು? ರಾಜ್ಯ ಸರ್ಕಾರದ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕು ಸಾಮಾನ್ಯವಾಗಿ ಮಂಗಳವಾರಗಳಂದು ಹರಾಜು ಹಾಕುತ್ತದೆ. ಕೊಳ್ಳುವವರು ಬ್ಯಾಂಕುಗಳು, ವಿಮಾ ಕಂಪನಿಗಳು, ಪಿ.ಎಫ್. ನಿಧಿಗಳು. ಅಂದರೆ ನಿಮ್ಮ ಅಪ್ಪ ಕಟ್ಟಿದ ಎಲ್‌ಐಸಿ ಕಂತು, ನನ್ನ ಠೇವಣಿ, ಯಾರೋ ಕಾರ್ಖಾನೆ ನೌಕರನ ಪಿ.ಎಫ್. ಹುಟ್ಟಿದ ಮಗು ಒಂದು ಕೈಯಲ್ಲಿ ಸಾಲಗಾರ, ಇನ್ನೊಂದು ಕೈಯಲ್ಲಿ ಸಾಲ ಕೊಟ್ಟವರ ಮನೆಯ ಕೂಸು. ಹಾಗಾದರೆ ಚಿಂತೆಯೇ ಇಲ್ಲ ಅನ್ನುವಂತಿಲ್ಲ. ಎರಡು ಕೈಯೂ ಒಂದೇ ಮನೆಯಲ್ಲಿರುವುದಿಲ್ಲ. ಬಡ್ಡಿ ಹೋಗುವುದು ಉಳಿತಾಯ ಇರುವವರಿಗೆ. ಬಡ್ಡಿ ಕಟ್ಟಲು ತೆರಿಗೆ ಬರುವುದು ಬಹಳಮಟ್ಟಿಗೆ ಜಿಎಸ್‌ಟಿ, ಪೆಟ್ರೋಲ್, ಮದ್ಯದಿಂದ. 2025-26ಕ್ಕೆ ಅಬಕಾರಿ ಒಂದರಿಂದಲೇ 40,000 ಕೋಟಿಯ ಗುರಿ ಇಟ್ಟುಕೊಂಡಿದ್ದರು. ರಾಜ್ಯ ವರ್ಷಕ್ಕೆ ಕಟ್ಟುವ ಬಡ್ಡಿಯೂ 40,000 ಕೋಟಿ ದಾಟಿದೆ. ಸಂಜೆ ವೈನ್ಸ್ ಅಂಗಡಿ ಮುಂದೆ ನಿಲ್ಲುವ ಕೂಲಿಯವನಿಂದ ಎದ್ದ ದುಡ್ಡು ಠೇವಣಿ ಇಟ್ಟವರ ಖಾತೆಗೆ ಹೋಗುತ್ತದೆ. ಸಾಲದ ಬಗ್ಗೆ ನನಗಿರುವ ಮುಖ್ಯ ತಕರಾರು ಇದು, ಮಗುವಿನ ತಲೆಯಲ್ಲ.

ಬಡ ಮತ್ತು ಮಧ್ಯಮ ದೇಶಗಳ ಸರ್ಕಾರಗಳು ಯಾಕೆ ಹೀಗೆ ಕೊಳ್ಳುವ ವಸ್ತುವಿನ ಬೆಲೆಯಲ್ಲೇ ಸೇರಿಬರುವ ಪರೋಕ್ಷ ತೆರಿಗೆಗಳನ್ನೇ ನೆಚ್ಚಿಕೊಳ್ಳುತ್ತವೆ? ಸಂಬಳದ ಚೀಟಿ ಇರುವವರು ಕಮ್ಮಿ. ಅಂಗಡಿ, ಆಲೆಮನೆ, ಹೈನುಗಾರಿಕೆ, ಕೂಲಿ, ಎಲ್ಲ ಕೈಯಿಂದ ಕೈಗೆ ನಡೆಯುತ್ತದೆ. ವ್ಯವಸಾಯದ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಕೇಂದ್ರ, ರಾಜ್ಯ ಎಲ್ಲ ಸೇರಿ ನಮ್ಮಲ್ಲಿ ಎತ್ತುವ ತೆರಿಗೆ ಜಿಡಿಪಿಯ ಐದನೇ ಒಂದು ಭಾಗಕ್ಕೂ ಕಮ್ಮಿ, ಶ್ರೀಮಂತ ದೇಶಗಳಲ್ಲಿ ಸರಾಸರಿ ಮೂರನೇ ಒಂದು ಭಾಗ. ಅದರ ಮೇಲೆ ಕರ್ನಾಟಕಕ್ಕೆ ಇನ್ನೊಂದು ಹೊಡೆತ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದಲ್ಲಿ ನೂರಕ್ಕೆ 4.713 ಇದ್ದದ್ದು, 2021ರಿಂದ 2026ರವರೆಗಿನ 15ನೇ ಆಯೋಗದಲ್ಲಿ 3.647ಕ್ಕೆ ಇಳಿಯಿತು. ಬಡ ರಾಜ್ಯಕ್ಕೆ ಜಾಸ್ತಿ ಸಿಗಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಒಂದೇ ಸಲಕ್ಕೆ ಅಷ್ಟು ಇಳಿಸಿದ್ದನ್ನು ಒಪ್ಪುವುದಿಲ್ಲ.

ಹಾಗಾದರೆ ಸಾಲ ಒಳ್ಳೆಯದಾ ಕೆಟ್ಟದ್ದಾ? ಏನು ಕೊಂಡೆವು ಅನ್ನುವುದರ ಮೇಲೆ ಹೋಗುತ್ತದೆ. ಮಂಡ್ಯದವರಿಗೆ ಇದನ್ನು ವಿವರಿಸುವುದು ಸುಲಭ, ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) ಕಣ್ಣಮುಂದೆ ಇದೆ. 1876-78ರ ದೊಡ್ಡ ಬರ ಮುಗಿದು 1881ರಲ್ಲಿ ಆಡಳಿತ ಒಡೆಯರ ಕೈಗೆ ಮರಳಿದಾಗ ಮೈಸೂರಿನ ಮೇಲೆ 80 ಲಕ್ಷ ರೂಪಾಯಿ ಬರದ ಸಾಲವಿತ್ತು. ಅದರ ಜೊತೆ ಬ್ರಿಟಿಷರಿಗೆ ವರ್ಷ ವರ್ಷ ಕಪ್ಪ, ಮೊದಲು 24.5 ಲಕ್ಷ, 1896ರಿಂದ 35 ಲಕ್ಷ. ತನ್ನದೇ ನೋಟು ಇರಲಿಲ್ಲ. ಇಂಥ ಸಂಸ್ಥಾನ 1911ರಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟಲು 81 ಲಕ್ಷಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಮುಖ್ಯ ಎಂಜಿನಿಯರ್ ವಿಶ್ವೇಶ್ವರಯ್ಯ. ಹಣಕಾಸು ಇಲಾಖೆ ಹಿಂದೆಮುಂದೆ ನೋಡಿತ್ತು, ಅದರ ಕೆಲಸವೇ ಅದು. ಮಹಾರಾಣಿಯವರ ಒಡವೆ ಮಾರಿ ಕಟ್ಟಿದರು ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅದನ್ನು ಹೇಳುವಾಗ ಒಂದು ಸಂಗತಿ ಮರೆತುಹೋಗುತ್ತದೆ. ಈ ಯೋಜನೆಗೆ ವರಮಾನದ ಲೆಕ್ಕ ಇತ್ತು. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಇಳಿದರೆ ಕರೆಂಟು ಇಳಿಯುತ್ತಿತ್ತು. ಕಟ್ಟೆ ಕಟ್ಟಿದರೆ ವರ್ಷವಿಡೀ ನೀರು, ವರ್ಷವಿಡೀ ಗಣಿಯಿಂದ ದುಡ್ಡು. ಆಮೇಲೆ ನಾಲೆ, ನಾಲೆಯ ಕೆಳಗೆ ಲಕ್ಷ ಎಕರೆಗೂ ಮೀರಿದ ಜಮೀನು, ಆ ಜಮೀನಿನ ಕಬ್ಬಿಗೆ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆ. ಕಟ್ಟೆಗೆ ಹಾಕಿದ ದುಡ್ಡು ತೆರಿಗೆ ಕೊಡಬಲ್ಲ ಊರುಗಳನ್ನೇ ಹುಟ್ಟಿಸಿತು.

ಈ ಕಣ್ಣಿನಿಂದ 2025-26ರ ರಾಜ್ಯ ಬಜೆಟ್ ನೋಡಿ. ಒಟ್ಟು ಗಾತ್ರ 4,09,549 ಕೋಟಿ. ಹೊಸದಾಗಿ ಎತ್ತುವ ಸಾಲ 1,16,000 ಕೋಟಿ. ಈ ಸಾಲ ಎಲ್ಲಿಗೆ ಹೋಗುತ್ತದೆ? ಹಳೇ ಸಾಲದ ಅಸಲು ತೀರಿಸಲು 26,474 ಕೋಟಿ. ನಾಲೆ, ರಸ್ತೆ, ಕಟ್ಟಡದಂಥ ಬಂಡವಾಳ ವೆಚ್ಚಕ್ಕೆ 71,336 ಕೋಟಿ. ಇನ್ನು ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ, ಗ್ಯಾರಂಟಿ ಇತ್ಯಾದಿ ದಿನನಿತ್ಯದ ಖರ್ಚು ವರಮಾನವನ್ನು ಮೀರಿರುವುದು 19,262 ಕೋಟಿ, ಅದನ್ನೇ ರಾಜಸ್ವ ಕೊರತೆ ಅನ್ನುವುದು. ಸಾಲದ ಪ್ರತಿ ನೂರು ರೂಪಾಯಿಯಲ್ಲಿ ಹತ್ತಿರ ಹತ್ತಿರ 23 ಹಳೇ ಸಾಲಕ್ಕೆ, 61 ಆಸ್ತಿಗೆ, 16 ದಿನದ ಖರ್ಚಿಗೆ ಅಂತ ಲೆಕ್ಕ ಹಾಕಿಕೊಳ್ಳಿ. ಆ 61ರ ಬಗ್ಗೆ ನನಗೆ ಚಿಂತೆಯಿಲ್ಲ, ಕೆಲಸ ನೆಟ್ಟಗೆ ಆಗುವುದಾದರೆ. ಆ 16 ನನ್ನ ನಿದ್ದೆ ಕೆಡಿಸುತ್ತದೆ. 2004-05ರಿಂದ ಕೋವಿಡ್ ಬರುವವರೆಗೆ ಕರ್ನಾಟಕದ ರಾಜಸ್ವ ಖಾತೆ ಉಳಿತಾಯದಲ್ಲೇ ಇತ್ತು. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ನಮ್ಮದು, 2002ರಲ್ಲಿ.

ಗ್ಯಾರಂಟಿಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳಬೇಕು ಅಂತ ನಿಮ್ಮ ಮನಸ್ಸಿನಲ್ಲಿದೆ, ಅಲ್ವಾ? ಐದಕ್ಕೂ ಸೇರಿ ಆ ಬಜೆಟ್ಟಿನಲ್ಲಿ 51,034 ಕೋಟಿ ಇಟ್ಟಿದ್ದರು. ಅದನ್ನು ಪೋಲು ಅನ್ನುವವರ ಜೊತೆ ನಾನಿಲ್ಲ. ತಿಂಗಳಿಗೆ 2,000 ರೂಪಾಯಿ ಕೈಗೆ ಬಂದ ಹೆಂಗಸು ಅದನ್ನು ದುಬೈಗೆ ಕಳಿಸುವುದಿಲ್ಲ, ಊರಿನ ಅಂಗಡಿಯಲ್ಲೇ ಖರ್ಚು ಮಾಡುತ್ತಾಳೆ. ಬಸ್ ಟಿಕೆಟ್ಟಿಲ್ಲದ ಕಾರಣಕ್ಕೆ ಮದ್ದೂರಿನಿಂದ ಮೈಸೂರಿಗೆ ಕೆಲಸಕ್ಕೆ ಬರುವವರಿದ್ದಾರೆ. ಆದರೆ ಪ್ರತಿ ತಿಂಗಳ ಖರ್ಚನ್ನು ಪ್ರತಿ ತಿಂಗಳ ವರಮಾನದಿಂದಲೇ ಮಾಡಬೇಕು. ಇದು ಗ್ಯಾರಂಟಿಗೆ ಮಾತ್ರ ಹೇಳುವ ಮಾತಲ್ಲ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕೊಡುವ ಪುಕ್ಕಟೆ ಕರೆಂಟಿಗೂ, ನೌಕರರ ವೇತನ ಪರಿಷ್ಕರಣೆಗೂ, ನನ್ನ ಪಿಂಚಣಿಗೂ ಸೇರಿಸಿಯೇ. ನೀರಿನ ಕರ ನಾಲೆಯ ನಿರ್ವಹಣೆಗೂ ಸಾಲುವುದಿಲ್ಲ ಅನ್ನುವುದನ್ನು ನಿಮ್ಮ ಊರಿನಲ್ಲಿ ಹೇಳಿದರೆ ಯಾರೂ ಟೀ ಕೊಡಲಾರರು, ಆದರೂ ಅದು ನಿಜ.

ಕೊನೆಗೆ ನಿಮ್ಮ ಉಪನಾಲೆ. ರಾಜ್ಯದ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಪ್ರಕಾರ ಒಟ್ಟು ಸಾಲ ರಾಜ್ಯದ ಉತ್ಪನ್ನದ 25 ಪರ್ಸೆಂಟ್ ದಾಟಬಾರದು. 2025-26ರ ಅಂದಾಜು 24.91. ಅಂಚಿಗೆ ಬಂದು ನಿಂತಿದ್ದೇವೆ. ಸಂವಿಧಾನದ 293ನೇ ವಿಧಿಯಡಿ, ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಪಡೆಯಬೇಕು. ಮೊದಲು ಇದರಿಂದ ತಪ್ಪಿಸಿಕೊಳ್ಳಲು ಒಂದು ಪಕ್ಕದ ಬಾಗಿಲಿತ್ತು. ನಿಮ್ಮ ನಾಲೆ ನೋಡಿಕೊಳ್ಳುವ ಕಾವೇರಿ ನೀರಾವರಿ ನಿಗಮದಂಥ ಸಂಸ್ಥೆಗಳು ಸರ್ಕಾರದ ಖಾತ್ರಿಯ ಮೇಲೆ ತಾವೇ ಸಾಲ ಎತ್ತುತ್ತಿದ್ದವು, ಬಜೆಟ್ಟಿನ ಲೆಕ್ಕಕ್ಕೆ ಅದು ಬರುತ್ತಿರಲಿಲ್ಲ. 2022ರಿಂದ ಕೇಂದ್ರ ಇಂಥ ಸಾಲವನ್ನೂ ರಾಜ್ಯದ ಸಾಲವೆಂದೇ ಲೆಕ್ಕ ಹಿಡಿಯುತ್ತಿದೆ. ಬಾಗಿಲು ಮುಚ್ಚಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ, ಬಚ್ಚಿಟ್ಟ ಸಾಲವೂ ಸಾಲವೇ. ಆದರೆ ಏಟು ಮೊದಲು ಬಿದ್ದದ್ದು ನೀರಾವರಿ ಕೆಲಸಗಳಿಗೆ.

ಇಷ್ಟೇ ಆಗಿದ್ದರೆ ಸರ್ಕಾರದ ಮೇಲೆ ಕನಿಕರ ಬರಬಹುದು. ಇನ್ನೊಂದು ಭಾಗ ಬೇಕಂತಲೇ ಮಾಡಿಕೊಂಡದ್ದು. ನೀರಾವರಿ ನಿಗಮಗಳಲ್ಲಿ ವರ್ಷಕ್ಕೆ ಸಿಗುವ ದುಡ್ಡಿನ ಹಲವು ಪಟ್ಟು ಕೆಲಸಗಳಿಗೆ ಒಪ್ಪಿಗೆ ಕೊಟ್ಟುಬಿಡುತ್ತಾರೆ. ಯಾವ ಪಕ್ಷದ ಸರ್ಕಾರ ಬಂದರೂ ಇದು ತಪ್ಪಿಲ್ಲ. ಶಾಸಕರಿಗೆ ಗುದ್ದಲಿ ಪೂಜೆ ಬೇಕು, ಆಡಳಿತಾತ್ಮಕ ಅನುಮೋದನೆ ಅನ್ನುವ ಕಾಗದಕ್ಕೆ ದುಡ್ಡು ಬೇಕಿಲ್ಲ. ಮುಂದೆ ಬರುವ ದುಡ್ಡೆಲ್ಲ ಹಿಂದಿನ ಬಿಲ್ಲಿಗೇ ಹೋಗುತ್ತದೆ. ಬಿಲ್ಲು ತಡವಾಗುತ್ತದೆ ಅಂತ ಗೊತ್ತಿರುವ ಗುತ್ತಿಗೆದಾರ ಟೆಂಡರಿನಲ್ಲೇ ಅದರ ಬಡ್ಡಿ ಸೇರಿಸಿ ದರ ಹಾಕುತ್ತಾನೆ. ಹಾಗಾಗಿ ಆ 61 ರೂಪಾಯಿಯೂ ಪೂರ್ತಿ 61 ರೂಪಾಯಿಯ ಕೆಲಸವಾಗಿ ಇಳಿಯುವುದಿಲ್ಲ.

ಆದ್ದರಿಂದ ಮುಂದಿನ ಸಲ ಕಚೇರಿಗೆ ಹೋದಾಗ ದುಡ್ಡು ಯಾವಾಗ ಬರುತ್ತದೆ ಅಂತ ಕೇಳಬೇಡಿ, ಅದಕ್ಕೆ ಉತ್ತರ ಅವರಿಗೂ ಗೊತ್ತಿರುವುದಿಲ್ಲ. ನಮ್ಮ ಕೆಲಸಕ್ಕೆ ಆಗಿರುವುದು ಆಡಳಿತಾತ್ಮಕ ಅನುಮೋದನೆ ಮಾತ್ರವಾ, ತಾಂತ್ರಿಕ ಮಂಜೂರಾತಿಯೂ ಆಗಿದೆಯಾ, ಟೆಂಡರ್ ಕರೆದಿದ್ದಾರಾ, ಈ ವರ್ಷದ ಯಾವ ಲೆಕ್ಕ ಶೀರ್ಷಿಕೆಯಲ್ಲಿ (ಬಜೆಟ್ಟಿನ ಖರ್ಚಿನ ಬಾಬ್ತು) ಎಷ್ಟು ಇಟ್ಟಿದ್ದಾರೆ, ಅದೇ ಶೀರ್ಷಿಕೆಯಲ್ಲಿ ಹಳೇ ಬಿಲ್ಲು ಎಷ್ಟು ಬಾಕಿ ಇದೆ ಅಂತ ಕೇಳಿ. ಬಾಯಲ್ಲಿ ಹೇಳದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಕಥೆ ಬರೆಯದೆ ನಾಲೆಯ ಹೆಸರು, ಕಿ.ಮೀ. ಅಂಕಿ, ಕಾಮಗಾರಿಯ ಹೆಸರು ಹಾಕಿ ಈ ಐದನ್ನು ಮಾತ್ರ ಕೇಳಿ. ಹಳೇ ಬಿಲ್ಲಿನ ಬಾಕಿಯೇ ಈ ವರ್ಷ ಇಟ್ಟ ದುಡ್ಡಿಗಿಂತ ಜಾಸ್ತಿ ಅಂತ ಉತ್ತರ ಬಂದರೆ, ಈ ಬೇಸಿಗೆಯಲ್ಲೂ ಕೆಲಸ ಆಗುವುದು ಕಷ್ಟ. ನಾಲೆಯ ಕೊನೆಯಲ್ಲಿರುವ ನೀವು ಆ ಲೆಕ್ಕ ಹಾಕಿಕೊಂಡೇ ಕಬ್ಬೋ ರಾಗಿಯೋ ತೀರ್ಮಾನ ಮಾಡಿ.